ಆಟಿ ತಿಂಗಳ ಮಳೆಗೆ ಆರ್ಕಿಡ್ ಎಲೆ ಕೊಳೆಯುತ್ತಿದೆ: ಅಡಿಕೆಯ ಬೋರ್ಡೋ ಹೊಡೆಯಬಹುದೇ?

ಬೇಳದಹೂವು:
ಕಾಸರಗೋಡಿನ ಬದಿಯಡ್ಕ ಕಡೆ ಹತ್ತು ದಿನದಿಂದ ಬಿಡದೆ ಮಳೆ. ಜಗಲಿಯ ಹೊರಗೆ ಶೇಡ್‌ನೆಟ್ ಅಡಿಯಲ್ಲಿ ನಲವತ್ತು ಚಟ್ಟಿ ಆರ್ಕಿಡ್ ಇವೆ, ಮೂರು ಬಗೆಯ ಕೇಡು ಕಾಣುತ್ತಿದೆ. ಎರಡು ಫೆಲನಾಪ್ಸಿಸ್‌ಗಳ ಎಲೆಯಲ್ಲಿ ಬಿಸಿನೀರು ಬಿದ್ದು ಬೆಂದ ಹಾಗೆ ಕಲೆ. ನಿನ್ನೆ ಹೆಬ್ಬೆರಳ ಉಗುರಿನಷ್ಟಿತ್ತು, ಇವತ್ತು ಎರಡು ಬೆರಳಗಲ. ಡೆಂಡ್ರೋಬಿಯಂ ಸೋನಿಯಾದ ಎಲೆಗಳಲ್ಲಿ ಕಂದು ಬಣ್ಣದ ಒಣ ಚುಕ್ಕೆ, ಸುತ್ತ ಹಳದಿ. ಇನ್ನೊಂದು ಡೆಂಡ್ರೋಬಿಯಂನ ಹೊಸ ಕಾಂಡ ಬುಡದಿಂದ ಕಪ್ಪಾಗಿ, ಎಳೆದರೆ ಕೈಗೇ ಬರುತ್ತದೆ.

ಅಡಿಕೆಗೆ ಕಲಸಿದ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಅರ್ಧ ಬ್ಯಾರೆಲ್ ಉಳಿದಿದೆ. ಅದನ್ನೇ ಎಲ್ಲಕ್ಕೂ ಹೊಡೆದರೆ ಆಗುತ್ತದೆಯೇ? ಇಲ್ಲಿನ ಪೇಟೆಯಲ್ಲಿ ಸಿಗುವ ಮದ್ದು, ಅಳತೆ ಹೇಳಿದರೆ ಉಪಕಾರ.

ಓಡಿನಚೂರು:
ಮೊದಲು ಬೋರ್ಡೋ ವಿಷಯ: ದಯವಿಟ್ಟು ಹೊಡೆಯಬೇಡಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬುದು ಅಡಿಕೆ ಗೊನೆಗೆ ಹೇಳಿದ ಲೆಕ್ಕ. ಮೈಲುತುತ್ತಿನಲ್ಲಿರುವುದು ತಾಮ್ರ. ಡೆಂಡ್ರೋಬಿಯಂ ಜಾತಿಗೆ ತಾಮ್ರ ಆಗಿಬರುವುದಿಲ್ಲ, ಎಲೆ ಸುಟ್ಟು ಉದುರುತ್ತದೆ, ಎಳೆ ಚಿಗುರು ಕರಟುತ್ತದೆ. ಯಾವ ಆರ್ಕಿಡ್ ಆದರೂ ಹೂವಿರುವಾಗ ತಾಮ್ರ ತಾಗಬಾರದು. ಸಾಲದ್ದಕ್ಕೆ ಬೋರ್ಡೋ ಕಲಸಿದ ದಿನವೇ ಮುಗಿಸಬೇಕಾದ ದ್ರಾವಣ. ನಿಮ್ಮ ಬ್ಯಾರೆಲ್‌ನಲ್ಲಿರುವುದು ಈಗ ಅಡಿಕೆಗೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಅಡಿಕೆ ಮರಕ್ಕೇ ಆರ್ಕಿಡ್ ಕಟ್ಟಿದವರು ಮದ್ದು ಬಿಡುವ ದಿನ ಗಿಡದ ಮೇಲೊಂದು ಪ್ಲಾಸ್ಟಿಕ್ ಮುಚ್ಚಿ.

ನಿಮ್ಮಲ್ಲಿರುವುದು ಮೂರು ಬೇರೆ ಬೇರೆ ರೋಗ. ಒಂದೇ ಮದ್ದು ಮೂರಕ್ಕೂ ಆಗದು.

ಫೆಲನಾಪ್ಸಿಸ್‌ನದ್ದು ಬ್ಯಾಕ್ಟೀರಿಯದ ಲಕ್ಷಣ. ಕಲೆ ಬೆಳಕಿಗೆ ಹಿಡಿದರೆ ಎಣ್ಣೆ ತಾಗಿದ ಕಾಗದದಂತೆ ಪಾರಕ, ಒತ್ತಿದರೆ ಮೆತ್ತಗೆ, ಒಂದೇ ದಿನದಲ್ಲಿ ದುಪ್ಪಟ್ಟು. ನಾರುವ ವಾಸನೆಯೂ ಇದ್ದರೆ ಎರ್ವೀನಿಯಾ ಗುಂಪಿನ ಮೆದುಕೊಳೆ. ವಾಸನೆ ಇಲ್ಲದೆ, ಹಳದಿ ಅಂಚಿನ ಕಲೆ ಕಂದಾಗಿ, ಕಪ್ಪಾಗಿ, ಗುಳಿಬಿದ್ದರೆ ಅಸಿಡೋವೊರಾಕ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯ. ಎರಡಕ್ಕೂ ಮೊದಲ ಚಿಕಿತ್ಸೆ ಬ್ಲೇಡು, ಮದ್ದಿನ ಪುಡಿ ಆಮೇಲೆ.

ಅನುಮಾನವಿದ್ದರೆ ಒಂದು ಸುಲಭ ಪರೀಕ್ಷೆ: ಹಸಿರು ಭಾಗ, ಕಲೆ ಎರಡೂ ಸೇರುವ ಅಂಚಿನಿಂದ ಒಂದು ಸೆಂಟಿಮೀಟರ್ ತುಂಡು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡಿಸದೆ ಇಡಿ. ಹಿಂದೆ ಕಪ್ಪು ಬಟ್ಟೆ ಹಿಡಿದು ನೋಡಿ. ಬ್ಯಾಕ್ಟೀರಿಯ ಇದ್ದರೆ ಕೆಲವೇ ನಿಮಿಷದಲ್ಲಿ ಕತ್ತರಿಸಿದ ಕಡೆಯಿಂದ ಹಾಲಿನ ಎಳೆಯಂತೆ ಬೆಳ್ಳಗೆ ಇಳಿಯುತ್ತದೆ. ಶಿಲೀಂಧ್ರದ ಕಲೆಯಿಂದ ಹೀಗೆ ಬರುವುದಿಲ್ಲ. ಒಣಗಿದ ಹಳೇ ಕಲೆಯಲ್ಲಿ ಈ ಪರೀಕ್ಷೆ ನಂಬಬೇಡಿ.

ಸೋನಿಯಾದ ಒಣ ಚುಕ್ಕೆ ಶಿಲೀಂಧ್ರ. ಭೂತಗನ್ನಡಿಯಲ್ಲಿ ನೋಡಿ. ಉಂಗುರದೊಳಗೆ ಉಂಗುರ, ಅದರಲ್ಲಿ ಸೂಜಿಮೊನೆಯಂಥ ಕಪ್ಪು ಬೊಟ್ಟುಗಳಿದ್ದರೆ ಕೊಲೆಟೋಟ್ರೈಕಮ್. ಎಲೆಯ ಅಡಿಭಾಗದಲ್ಲಿ ಮೊದಲು ಹಳದಿ ಕಂಡು ಆಮೇಲೆ ನೇರಳೆಗಂದು ಬಂದಿದ್ದರೆ ಸರ್ಕೋಸ್ಪೊರಾ. ಮದ್ದಿನ ಮಟ್ಟಿಗೆ ಎರಡನ್ನೂ ಒಂದೇ ಎಂದುಕೊಳ್ಳಬಹುದು.

ಬುಡದಿಂದ ಕಪ್ಪಾದದ್ದು ಎಲ್ಲಕ್ಕಿಂತ ಕೆಟ್ಟದ್ದು, ಹೆಚ್ಚಾಗಿ ಫೈಟೋಫ್ತೋರಾ ಅಥವಾ ಪಿಥಿಯಂ ಎಂಬ ಶಿಲೀಂಧ್ರದಂಥ ರೋಗಾಣು. ಅಡಿಕೆಯ ಕೊಳೆರೋಗವೂ ತೆಂಗಿನ ಸುಳಿಕೊಳೆಯೂ ಫೈಟೋಫ್ತೋರಾ ಕುಲದವೇ. ನಿಜವಾದ ಶಿಲೀಂಧ್ರ ಅಲ್ಲದ್ದರಿಂದ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಇದಕ್ಕೆ ಏನೂ ಮಾಡುವುದಿಲ್ಲ. ಆ ಚಟ್ಟಿಯನ್ನು ಈಗಲೇ ದೂರ ಇಡಿ.

ಬೇಳದಹೂವು:
ಲೋಟದ ಪರೀಕ್ಷೆ ಮಾಡಿದೆ. ಫೆಲನಾಪ್ಸಿಸ್ ತುಂಡಿನಿಂದ ಬಿಳಿ ಎಳೆ ಸ್ಪಷ್ಟವಾಗಿ ಇಳಿಯಿತು. ಆದರೆ ಒಂದು ಗಿಡದಲ್ಲಿ ಕಲೆ ಸುಳಿಯಿಂದ ಎರಡೇ ಸೆಂಟಿಮೀಟರ್ ದೂರ. ಎಲ್ಲಿ ಕತ್ತರಿಸಲಿ? ದಾಲ್ಚಿನ್ನಿ ಪುಡಿ, ಹೈಡ್ರೋಜನ್ ಪೆರಾಕ್ಸೈಡ್ ಎಂದೂ ಕೆಲವರು ಹೇಳುತ್ತಾರೆ.

ಮಾಡಿನಡಿ:
ಅಷ್ಟು ಹತ್ತಿರವಿದ್ದರೆ ಪೂರ್ತಿ ಎಲೆ ತೆಗೆಯಬೇಕು. ಅಡ್ಡ ಕತ್ತರಿಸಿದರೆ ಬುಡದಲ್ಲಿ ಉಳಿದ ಮೋಟಿನಲ್ಲೇ ರೋಗ ಕೂರುತ್ತದೆ. ಎಲೆಯ ತುದಿಯಿಂದ ನಡುನರದ ಮೇಲೆ ಉದ್ದಕ್ಕೆ ಬುಡದವರೆಗೆ ಸೀಳಿ, ಎರಡು ಹೋಳುಗಳನ್ನೂ ಎಡಕ್ಕೊಂದು ಬಲಕ್ಕೊಂದು ನಿಧಾನ ಎಳೆಯಿರಿ. ಕಾಂಡಕ್ಕೆ ಗಾಯವಾಗದೆ ಬುಡದ ಪಟ್ಟಿ ಬಿಟ್ಟುಕೊಳ್ಳುತ್ತದೆ. ಕಲೆ ತುದಿಯ ಕಡೆ ಇರುವ ಗಿಡದಲ್ಲಿ, ಪಾರಕ ಅಂಚಿನಿಂದ 2 ಸೆಂಟಿಮೀಟರ್ ಹಸಿರು ಭಾಗವನ್ನೂ ಸೇರಿಸಿ ಕತ್ತರಿಸಿ. ಹಸಿರಿಗೆ ಮರುಗಿ ಕಲೆಯ ಅಂಚಿನಲ್ಲೇ ಕತ್ತರಿಸುತ್ತಾರೆ, ಮರುದಿನ ಅಲ್ಲಿಂದಲೇ ಮತ್ತೆ ಶುರು.

ಬ್ಲೇಡು ಗಿಡಕ್ಕೊಂದು. ಕತ್ತರಿ ಆದರೆ ಪ್ರತಿ ಗಿಡಕ್ಕೂ ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿ, ಆರಿದ ಮೇಲೆ ಬಳಸಿ. ಒರೆಸಿದರೆ ಸಾಲದು, ಒಂದು ಗಿಡದ ರಸದಿಂದ ವೈರಸ್ ಕೂಡ ಮುಂದಿನ ಗಿಡಕ್ಕೆ ದಾಟುತ್ತದೆ.

ದಾಲ್ಚಿನ್ನಿ ಪುಡಿ ಕತ್ತರಿಸಿದ ಗಾಯದ ಮೇಲೆ ತೆಳುವಾಗಿ ಉದುರಿಸಬಹುದು, ಗಾಯ ಬೇಗ ಒಣಗುತ್ತದೆ. ಬೇರಿಗೆ ಬೀಳಬಾರದು, ಬೇರನ್ನೂ ಹಾಗೆಯೇ ಒಣಗಿಸಿಬಿಡುತ್ತದೆ. ಪೆರಾಕ್ಸೈಡ್ ನನ್ನ ಮಟ್ಟಿಗೆ ಬೇಡ. ನೊರೆ ಬರುವುದು ರೋಗಾಣು ಸಾಯುವ ಗುರುತಲ್ಲ, ಎಲೆಯ ಗಾಯಗೊಂಡ ಜೀವಕೋಶಕ್ಕೆ ತಾಗಿದರೂ ನೊರೆ ಬರುತ್ತದೆ.

ಗಾಯ ಒಣಗಿದ ಮೇಲೆ ಹೂವಿಲ್ಲದ ಫೆಲನಾಪ್ಸಿಸ್‌ಗೆ ಮಾತ್ರ ಕಾಪರ್ ಆಕ್ಸಿಕ್ಲೋರೈಡ್ 50% ಪುಡಿ, ಲೀಟರಿಗೆ 2 ಗ್ರಾಂ, ಒಮ್ಮೆ ಸಾಕು. ಮೊದಲು ಒಂದೇ ಎಲೆಗೆ ಹಾಕಿ ಎರಡು ದಿನ ನೋಡಿ. ನಾಲ್ಕು ದಿನ ನೀರು ಹಾಕಬೇಡಿ. ಸುಳಿಯಲ್ಲಿ ನೀರು ನಿಂತಿದ್ದರೆ ಟಿಶ್ಯೂ ಕಾಗದದ ಮೂಲೆ ಸುರುಟಿ ಇಳಿಸಿ, ಹೀರಿಕೊಳ್ಳುತ್ತದೆ. ಅಂಗಡಿಯಲ್ಲಿ ಸ್ಟ್ರೆಪ್ಟೊಮೈಸಿನ್ ಸೇರಿದ ಪುಡಿ ಕೊಟ್ಟರೆ ಬೇಡವೆನ್ನಿ. ಕೊಳೆತ ಭಾಗವನ್ನು ಅದು ಗುಣ ಮಾಡುವುದಿಲ್ಲ. ಕ್ಷಯಕ್ಕೆ ಕೊಡುವ ಮದ್ದನ್ನು ಹೂಗಿಡಕ್ಕೆ ಚೆಲ್ಲಿ ಬ್ಯಾಕ್ಟೀರಿಯಕ್ಕೆ ಅಭ್ಯಾಸ ಮಾಡಿಸುವುದು ತಪ್ಪು.

ಪೆರ್ಲದಗಾಳಿ:
ಉಳಿದ ಎರಡಕ್ಕೆ ಮದ್ದು ಹೇಳುತ್ತೇನೆ.

ಸೋನಿಯಾಕ್ಕೆ: ಹೆಚ್ಚು ಚುಕ್ಕೆಯ ಎಲೆ ಕಿತ್ತು ಸುಡಿ, ಅಡಿಕೆ ಬುಡಕ್ಕೆ ಎಸೆಯಬೇಡಿ. ಮ್ಯಾಂಕೋಜೆಬ್ 75% ಲೀಟರಿಗೆ 2 ಗ್ರಾಂ. ಹತ್ತು ದಿನ ಬಿಟ್ಟು ಕಾರ್ಬೆಂಡಜಿಮ್ 50% ಲೀಟರಿಗೆ 1 ಗ್ರಾಂ. ಮತ್ತೆ ಹತ್ತು ದಿನಕ್ಕೆ ಮ್ಯಾಂಕೋಜೆಬ್. ಮ್ಯಾಂಕೋಜೆಬ್ ಎಲೆಯ ಮೇಲೆಯೇ ಕೂತು ಹೊಸ ಬೀಜಾಣು ಮೊಳೆಯದಂತೆ ತಡೆಯುತ್ತದೆ, ಕಾರ್ಬೆಂಡಜಿಮ್ ಒಳಗೆ ಹೋಗುತ್ತದೆ. ಒಂದನ್ನೇ ಹಾಕುತ್ತ ಹೋದರೆ, ಅದರಲ್ಲೂ ಕಾರ್ಬೆಂಡಜಿಮ್ ಮಾತ್ರವಾದರೆ, ಶಿಲೀಂಧ್ರ ಅದಕ್ಕೆ ಬಗ್ಗುವುದಿಲ್ಲ. ಎಲೆಯ ಅಡಿಭಾಗಕ್ಕೂ ತಾಗಬೇಕು. ಲೀಟರಿಗೆ ಅರ್ಧ ಮಿಲಿಲೀಟರ್ ಅಂಟು ದ್ರಾವಣ ಸೇರಿಸಿದರೆ ಡೆಂಡ್ರೋಬಿಯಂನ ನುಣ್ಣನೆ ಎಲೆಯಿಂದ ಜಾರುವುದಿಲ್ಲ. ಚಮಚದ ಅಳತೆ ನಂಬಬೇಡಿ, ಚಿನ್ನ ತೂಗುವಂಥ ಸಣ್ಣ ತಕ್ಕಡಿ ಒಂದಿರಲಿ.

ಕಪ್ಪುಕೊಳೆಗೆ: ಗಿಡ ಚಟ್ಟಿಯಿಂದ ಹೊರತೆಗೆದು, ಬುಡವನ್ನು ಕತ್ತರಿಸುತ್ತ ಬನ್ನಿ, ಒಳಗೆ ಚೊಕ್ಕ ಬಿಳಿ ಅಥವಾ ಹಸಿರು ಕಾಣುವ ತನಕ. ಕಂದು ಗೆರೆ ಒಂದಿದ್ದರೂ ಮುಗಿದಿಲ್ಲ. ಆರೋಗ್ಯದ ಎರಡು-ಮೂರು ಕಾಂಡ ಉಳಿದರೆ ಗಿಡ ಬದುಕುತ್ತದೆ. ಉಳಿದ ಭಾಗವನ್ನು ಮೆಟಲಾಕ್ಸಿಲ್ 8% ಮತ್ತು ಮ್ಯಾಂಕೋಜೆಬ್ 64% ಇರುವ ಪುಡಿ ಲೀಟರಿಗೆ 2 ಗ್ರಾಂ ಕಲಸಿ ಹದಿನೈದು ನಿಮಿಷ ಮುಳುಗಿಸಿ, ನೆರಳಲ್ಲಿ ಒಂದು ದಿನ ಒಣಗಿಸಿ ನೆಡಿ. ಹತ್ತು ದಿನಕ್ಕೆ ಅದನ್ನೇ ಬುಡಕ್ಕೆ ಹೊಯ್ಯಿರಿ. ಬದಲಿಗೆ ಫೊಸೆಟೈಲ್ ಅಲ್ಯೂಮಿನಿಯಂ 2 ಗ್ರಾಂ ಆದೀತು, ಆದರೆ ತಾಮ್ರ ಹೊಡೆದ ಗಿಡಕ್ಕೆ ಅದು ಬೀಳಬಾರದು, ಎಲೆ ಸುಡುತ್ತದೆ. ಹಳೇ ತೆಂಗಿನ ಸಿಪ್ಪೆ ಪೂರ್ತಿ ಎಸೆಯಿರಿ. ನಮ್ಮ ಮಳೆಗಾಲದಲ್ಲಿ ಸಿಪ್ಪೆ ಒಣಗುವುದೇ ಇಲ್ಲ, ಒಳಗೆ ಕೊಳೆತು ಬೇರಿಗೆ ಉಸಿರು ಬಿಡುವುದಿಲ್ಲ. ಹಂಚಿನ ಚೂರು, ಇದ್ದಿಲು ಸಮಸಮ ಹಾಕಿ.

ಕೈಗವಸು, ಮಾಸ್ಕ್ ಹಾಕಿಯೇ ಸಿಂಪಡಿಸಿ, ಬಾವಿಕಟ್ಟೆಯಿಂದ ದೂರ. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಈ ಮಣ್ಣಿನಲ್ಲಿ ಚಟ್ಟಿ ಗಿಡಕ್ಕೂ ಬೇಕಾದಷ್ಟೇ ಮದ್ದು ಕಲಸುವ ಜಾಗ್ರತೆ ಇರಲಿ. ನಲವತ್ತು ಚಟ್ಟಿಗೆ ಎರಡು ಲೀಟರ್ ಧಾರಾಳ.

ಮಾಡಿನಡಿ:
ಮೂಲ ಕಾರಣ ಬಿಟ್ಟರೆ ಮುಂದಿನ ವಾರ ಮತ್ತೆ ಇದೇ ಪ್ರಶ್ನೆ. ಶೇಡ್‌ನೆಟ್ ಬಿಸಿಲು ತಡೆಯುತ್ತದೆ, ಮಳೆ ತಡೆಯುವುದಿಲ್ಲ. ಬಲೆಯಿಂದ ತೊಟ್ಟಿಕ್ಕುವ ದಪ್ಪ ಹನಿ ಒಂದು ಎಲೆಯ ರೋಗವನ್ನು ಪಕ್ಕದ ನಾಲ್ಕು ಗಿಡಕ್ಕೆ ಚಿಮ್ಮಿಸುತ್ತದೆ. ಬಲೆಯ ಮೇಲೆ ಪಾರಕ ಪಾಲಿಥೀನ್ ಹಾಳೆಯನ್ನು ಇಳಿಜಾರಾಗಿ ಎಳೆಯಿರಿ, ನಾಲ್ಕು ಬದಿಯೂ ಗಾಳಿಗೆ ತೆರೆದಿರಲಿ. ಒಂದರ ಕೆಳಗೆ ಒಂದು ಚಟ್ಟಿ ತೂಗಬೇಡಿ. ಎಲೆಗೆ ಎಲೆ ತಾಗದಷ್ಟು ಅಂತರ ಕೊಡಿ. ಮಳೆ ಮುಗಿಯುವ ತನಕ ಯೂರಿಯಾ, ಸೆಗಣಿನೀರು ನಿಲ್ಲಿಸಿ, ಸಾರಜನಕ ಹೆಚ್ಚಾದ ಮೆದು ಎಲೆಗೆ ಬ್ಯಾಕ್ಟೀರಿಯ ಬೇಗ ಹಿಡಿಯುತ್ತದೆ.

ಇನ್ನೊಂದು: ಬಂದ ಕಲೆ ಮದ್ದಿನಿಂದ ಮಾಯುವುದಿಲ್ಲ, ಎಲೆ ಇರುವ ತನಕ ಹಾಗೇ ಇರುತ್ತದೆ. ಅದನ್ನು ಕಂಡು ಮದ್ದು ಹೆಚ್ಚಿಸಬೇಡಿ. ಮಾರ್ಕರ್ ಪೆನ್ನಿನಿಂದ ಕಲೆಯ ಅಂಚಿಗೆ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಕಲೆ ಆ ಗೆರೆ ದಾಟಿದ ಎಲೆಗೆ ಮಾತ್ರ ಮತ್ತೆ ಬ್ಲೇಡು.

ಬೇಳದಹೂವು:
ಎಲೆ ಸೀಳಿ ತೆಗೆದೆ, ಸುಳಿ ಗಟ್ಟಿಯಾಗಿದೆ. ಕಪ್ಪಾದ ಡೆಂಡ್ರೋಬಿಯಂನಲ್ಲಿ ಮೂರು ಕಾಂಡ ಉಳಿದಿವೆ. ನಾಳೆ ಪಾಲಿಥೀನ್ ಕಟ್ಟಿ ಮ್ಯಾಂಕೋಜೆಬ್ ಹೊಡೆಯುತ್ತೇನೆ.