ಸಮುದ್ರದ ಸೈಸ್ಮಿಕ್ ಸರ್ವೇ ಹಡಗುಗಳಲ್ಲಿ ಕೆಲಸದ ಅವಸರ ಮತ್ತು ಸುರಕ್ಷತೆ: ತಿಳಿದವರು ಹೇಳಬೇಕು

ಕೊಪ್ಪಳದ ಕಂಪ್ರೆಸರ್ ಮೆಕ್ಯಾನಿಕ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಏಳು ವರ್ಷಗಳಿಂದ ಕೊಪ್ಪಳ ಸಮೀಪದ ಕಾರ್ಖಾನೆಯೊಂದರಲ್ಲಿ ಕಂಪ್ರೆಸರ್‌ಗಳ ನಿರ್ವಹಣೆ ನೋಡಿಕೊಳ್ಳುತ್ತಿದ್ದೇನೆ. ಕಡಲತಳದ ಕೆಳಗಿನ ತೈಲ, ಅನಿಲದ ನೆಲೆಗಳನ್ನು ಹುಡುಕುವ ಸೈಸ್ಮಿಕ್ ಸರ್ವೇ ಹಡಗಿನಲ್ಲಿ ಏರ್‌ಗನ್ ಮೆಕ್ಯಾನಿಕ್ ಹುದ್ದೆಗೆ ಈಗ ಕರೆ ಬಂದಿದೆ. ಮಾತುಕತೆಯಲ್ಲಿ ಅವರು ಮತ್ತೆ ಮತ್ತೆ ಹೇಳಿದ್ದು, ಹಡಗು ಒಂದು ಗಂಟೆಯೂ ಸುಮ್ಮನಿರುವಂತಿಲ್ಲ ಎಂಬುದನ್ನು. ಉತ್ಪಾದನೆಯ ಅವಸರ ಹೆಚ್ಚಾದ ವಾರಗಳಲ್ಲಿಯೇ ಜೊತೆಗಾರರು ಕೈ ಜಜ್ಜಿಸಿಕೊಂಡದ್ದನ್ನು ಕಂಡವನಾದ್ದರಿಂದ ಆ ಮಾತು ನನ್ನನ್ನು ಕಾಡುತ್ತಿದೆ. ಒಂದು ಸರ್ವೇಗೆ ಮುಖ್ಯ ಹಡಗಿನ ಜೊತೆ ಮತ್ತೆರಡು ಮೂರು ಹಡಗುಗಳು ಏಕೆ ಬೇಕಾಗುತ್ತವೆ? ಸಮಯ ಉಳಿಸುವ ಒತ್ತಡದಲ್ಲಿ ಕೆಲಸಗಾರರ ಜೀವ ಕಾಯುವ ವ್ಯವಸ್ಥೆ ಹೇಗಿರುತ್ತದೆ?

ರಾಯಚೂರಿನ ನಿವೃತ್ತ ಗನ್ ಮೆಕ್ಯಾನಿಕ್

ನಾನು ಇಂಥ ಹಡಗುಗಳಲ್ಲಿ ಹನ್ನೊಂದು ವರ್ಷ ದುಡಿದವನು. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಮ್ಮ ಕಡೆಯ ಎರೆಹೊಲದಲ್ಲಿ ಕೂರಿಗೆ ಹೂಡಿದವರಿಗೆ ಈ ಕೆಲಸ ಬೇಗ ಅರ್ಥವಾಗುತ್ತದೆ. ಹಡಗು ನಾಲ್ಕೂವರೆ ನಾಟ್, ಅಂದರೆ ಗಂಟೆಗೆ ಸುಮಾರು 8 ಕಿ.ಮೀ. ವೇಗದಲ್ಲಿ ನೇರ ಸಾಲಿನಲ್ಲಿ ಸಾಗುತ್ತದೆ. ಅದರ ಬೆನ್ನಿಗೆ, ಪರಸ್ಪರ 100 ಮೀಟರ್ ಅಂತರದಲ್ಲಿ, ನೀರಿನೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್‌ಗಳನ್ನು ಅಳವಡಿಸಿದ 8 ಕಿ.ಮೀ. ಉದ್ದದ ಹತ್ತು ಸ್ಟ್ರೀಮರ್ ಕೇಬಲ್‌ಗಳು ಇವೆ ಎಂದುಕೊಳ್ಳಿ. 25 ಮೀಟರಿಗೊಮ್ಮೆ, ಅಂದರೆ ಹತ್ತು ಹನ್ನೊಂದು ಸೆಕೆಂಡಿಗೊಮ್ಮೆ, ಏರ್‌ಗನ್‌ಗಳು 2000 ಪಿಎಸ್‌ಐ ಒತ್ತಡದ ಗಾಳಿಯನ್ನು ನೀರಿನೊಳಗೆ ಬಿಡುತ್ತವೆ. ತಳದ ಕೆಳಗಿನ ಕಲ್ಲಿನ ಪದರಗಳಿಂದ ಮರಳುವ ಸದ್ದನ್ನು ಕೇಬಲ್‌ಗಳು ದಾಖಲಿಸುತ್ತವೆ. ಆದರೆ ಕೂರಿಗೆ ಬದುವಿಗೆ ಬಂದು ಪಕ್ಕದ ಸಾಲಿಗೇ ಹೊರಳುವಂತೆ ಈ ಹಡಗು ಹೊರಳಲಾರದು. ಅಷ್ಟು ಕೇಬಲ್ ಎಳೆದುಕೊಂಡು ತಿರುಗಲು ಸುಮಾರು ಮೂರು ಗಂಟೆ ಬೇಕು, ಆದ್ದರಿಂದ ಹಲವು ಕಿಲೋಮೀಟರ್ ಆಚೆಯ ಸಾಲನ್ನು ಹಿಡಿದು, ಓಟದ ಮೈದಾನದ ಸುತ್ತಿನಂತೆ ಸುತ್ತುತ್ತ ಪ್ರದೇಶವನ್ನು ತುಂಬಿಸುತ್ತಾರೆ. ಪ್ರವಾಹವು ಕೇಬಲ್‌ಗಳನ್ನು ಪಕ್ಕಕ್ಕೆ ತಳ್ಳಿದರೆ ನಡುವೆ ಬಿತ್ತದ ಪಟ್ಟಿಗಳು ಉಳಿಯುತ್ತವೆ; ಅವುಗಳಿಗಾಗಿ ಮತ್ತೆ ಬರಬೇಕು. ಹೀಗೆ ಸಮಯ ಸೋರಿಹೋಗುವುದು ತಿರುವುಗಳಲ್ಲಿ, ಉಳಿದ ಪಟ್ಟಿಗಳಲ್ಲಿ, ಕೆಟ್ಟ ಹವಾಮಾನದಲ್ಲಿ ಮತ್ತು ಯಂತ್ರ ನಿಂತಾಗ. ಮನುಷ್ಯರನ್ನು ಓಡಾಡಿಸಿ ಅದನ್ನು ಮರಳಿ ಗಳಿಸಲಾಗದು.

ನಾನಿದ್ದ ಒಂದು ಹಡಗಿನಲ್ಲಿ, ಸಾಲು ಮುಗಿಯಲಿ ಎಂದು ಕಂಪ್ರೆಸರ್ ಒಂದರ ವಾಲ್ವ್ ಬದಲಾವಣೆಯನ್ನು ಮೂರು ಬಾರಿ ಮುಂದೂಡಿದರು. ನಾಲ್ಕನೆಯ ಸಾಲಿನ ನಡುವೆ ಅದು ಕೈಕೊಟ್ಟಿತು, ಒತ್ತಡ ಕುಸಿಯಿತು. ಸಾಲನ್ನು ಕೈಬಿಟ್ಟು ದೊಡ್ಡ ಸುತ್ತು ಹಾಕಿ ಮರಳಬೇಕಾಯಿತು; ಉಳಿಸಿದ್ದು ಎರಡು ಗಂಟೆ, ಕಳೆದದ್ದು ಹೆಚ್ಚುಕಡಿಮೆ ಒಂದು ದಿನ. ಅದಕ್ಕೇ ಹಲವು ಹಡಗುಗಳನ್ನು ನಡೆಸುವವರು ಎಲ್ಲದರಲ್ಲೂ ಒಂದೇ ಮಾದರಿಯ ಕಂಪ್ರೆಸರ್ ಇಟ್ಟರೆ, ಬಿಡಿಭಾಗವನ್ನೂ ಕೆಲಸ ಬಲ್ಲ ಕೈಯನ್ನೂ ಒಂದು ಹಡಗಿನಿಂದ ಇನ್ನೊಂದಕ್ಕೆ ಸಾಗಿಸಬಹುದು.

ಜೊತೆಯ ಹಡಗುಗಳಲ್ಲಿ ಒಂದು ಇಂಧನ, ದಿನಸಿ, ಕೆಲವೊಮ್ಮೆ ಬದಲಿ ಸಿಬ್ಬಂದಿಯನ್ನು ಸಮುದ್ರದ ನಡುವೆಯೇ ತಲುಪಿಸುತ್ತದೆ, ಇದರಿಂದ ಬಂದರಿಗೆ ಹೋಗುವ ದಿನಗಳು ಉಳಿಯುತ್ತವೆ. ಉಳಿದವು ಕಾವಲಿಗೆ. ಸರ್ವೇ ಹಡಗು ಥಟ್ಟನೆ ನಿಲ್ಲಲಾರದು, ಬೇಗ ಪಕ್ಕಕ್ಕೂ ಸರಿಯಲಾರದು; ಹಾಗೆಂದು ತಿಳಿಸಲು ಹಗಲಿನಲ್ಲಿ ಗೋಲ, ವಜ್ರಾಕೃತಿ, ಗೋಲಗಳನ್ನು, ರಾತ್ರಿಯಲ್ಲಿ ಕೆಂಪು, ಬಿಳಿ, ಕೆಂಪು ದೀಪಗಳನ್ನು ಒಂದರ ಕೆಳಗೊಂದು ತೋರಿಸುತ್ತದೆ. ಎಂಟು ಕಿಲೋಮೀಟರ್ ಹಿಂದೆ, ನೀರಿನೊಳಗೆ ಬಾಲವಿದೆ ಎಂದು ಅದನ್ನು ದಾಟುವ ಹಡಗಿಗೆ ಹೊಳೆಯುವುದಿಲ್ಲ. ಮುಂದೆ ಹೋಗಿ ಎಚ್ಚರಿಸುವುದೇ ಕಾವಲು ದೋಣಿಯ ಕೆಲಸ.

ಸಂಡೂರಿನ ಗಣಿ ಉದ್ಯೋಗಿ

ನಮ್ಮಲ್ಲಿ ಸಿಡಿಮದ್ದು ಹಾರಿಸುವ ಮುನ್ನ ಸೈರನ್ ಕೂಗಿಸಿ, ಜನರನ್ನು ಹೊರಗೆ ಕಳುಹಿಸಿ, ದಾರಿಗಳಲ್ಲಿ ಕಾವಲು ನಿಲ್ಲಿಸುತ್ತೇವೆ. ಸಮುದ್ರದಲ್ಲಿ ತಿಮಿಂಗಿಲ, ಡಾಲ್ಫಿನ್‌ಗಳಿಗೆ ಸೈರನ್ ಕೂಗಿಸುವವರು ಯಾರು?

ರಾಯಚೂರಿನ ನಿವೃತ್ತ ಗನ್ ಮೆಕ್ಯಾನಿಕ್

ಅದಕ್ಕೂ ಕ್ರಮವಿದೆ, ಸರ್. ಬ್ರಿಟನ್ ಸರ್ಕಾರಕ್ಕೆ ಪ್ರಕೃತಿ ಸಂರಕ್ಷಣೆಯ ಸಲಹೆ ನೀಡುವ ಜೆಎನ್‌ಸಿಸಿ ಸಂಸ್ಥೆಯ ಮಾರ್ಗಸೂಚಿಯನ್ನು ಬೇರೆ ಕಡೆಯೂ ಅನುಸರಿಸುವುದುಂಟು. ಅದರಂತೆ ಗನ್ ಆರಂಭಿಸುವ ಮುನ್ನ ತರಬೇತಿ ಪಡೆದ ವೀಕ್ಷಕರು ಕನಿಷ್ಠ 30 ನಿಮಿಷ, 200 ಮೀಟರಿಗಿಂತ ಆಳದ ನೀರಿನಲ್ಲಾದರೆ 60 ನಿಮಿಷ, ಸುತ್ತಲೂ ನೋಡಬೇಕು. 500 ಮೀಟರ್ ಒಳಗೆ ಪ್ರಾಣಿ ಕಂಡರೆ, ಅದು ಹೊರಟುಹೋದ ಮೇಲೂ 20 ನಿಮಿಷ ಕಾಯಬೇಕು. ಬಳಿಕ ಚಿಕ್ಕ ಗನ್ನಿನಿಂದ ತೊಡಗಿ ಕನಿಷ್ಠ 20 ನಿಮಿಷಗಳಲ್ಲಿ ಮೆಲ್ಲಗೆ ಪೂರ್ಣ ಬಲಕ್ಕೆ ಏರಿಸಬೇಕು. ಹತ್ತಿರದ ಪ್ರಾಣಿಗಳು ದೂರ ಸರಿಯಲು ಅದೇ ಅವಕಾಶ. ಒಳ್ಳೆಯ ತಂಡ ಇದೆಲ್ಲವನ್ನೂ ತಿರುವಿನ ಅವಧಿಯಲ್ಲಿಯೇ ಮುಗಿಸುವುದರಿಂದ ನಿಯಮ ಪಾಲಿಸಿಯೂ ಸಮಯ ನಷ್ಟವಾಗುವುದಿಲ್ಲ.

ಕೊಪ್ಪಳದ ಕಂಪ್ರೆಸರ್ ಮೆಕ್ಯಾನಿಕ್

ತಮ್ಮ ವಿವರಣೆಯಿಂದ ಬಹಳಷ್ಟು ತಿಳಿಯಿತು. ಹೊಸದಾಗಿ ಸೇರುವವನಿಗೆ ಅಪಾಯ ಹೆಚ್ಚಿರುವುದು ಎಲ್ಲಿ? ತುಂಗಭದ್ರೆಯಲ್ಲಿ ಈಜಿ ಬೆಳೆದವನು ನಾನು, ಅದು ಸಾಕೇ?

ರಾಯಚೂರಿನ ನಿವೃತ್ತ ಗನ್ ಮೆಕ್ಯಾನಿಕ್

ಸಾಲದು, ತಮ್ಮಾ. ಸಮುದ್ರದಲ್ಲಿ ಬದುಕುಳಿಯುವ ತರಬೇತಿಯನ್ನು, ಹೆಲಿಕಾಪ್ಟರಿನಲ್ಲಿ ಹೋಗುವುದಿದ್ದರೆ ಅದು ನೀರಿಗೆ ಬಿದ್ದಾಗ ಹೊರಬರುವ ತರಬೇತಿಯನ್ನು ಮುಗಿಸಿಯೇ ಹೊರಡಬೇಕು. ನಿನಗೆ ಅಪಾಯವಿರುವುದು ಹಿಂಬದಿಯ ಡೆಕ್ಕಿನಲ್ಲಿ. ಡೆಕ್ಕಿಗೆ ಎಳೆದ ಗನ್ನಿನೊಳಗೆ ಒತ್ತಡ ಉಳಿದಿರಬಹುದು. ಗಾಳಿಯನ್ನು ಪೂರ್ತಿ ಹೊರಬಿಟ್ಟು, ಗೇಜ್ ಸೊನ್ನೆ ತೋರಿಸುವುದನ್ನು ನೀನೇ ಕಣ್ಣಾರೆ ನೋಡುವವರೆಗೆ ಮುಟ್ಟಬೇಡ. ಬಿಗಿಯಾಗಿ ಎಳೆದ ಹಗ್ಗದ ನೇರಕ್ಕೆ ನಿಲ್ಲಬೇಡ. ಕೇಬಲ್ ದುರಸ್ತಿಗೆ ಇಳಿಸುವ ಸಣ್ಣ ದೋಣಿಯ ಕೆಲಸ ಇನ್ನೂ ಕಠಿಣ. ಅಲೆ ಎಷ್ಟಿದ್ದರೆ ಇಳಿಸಬಾರದು ಎಂಬ ಮಿತಿಯನ್ನು ಮೊದಲೇ ಬರೆದಿಟ್ಟಿರಬೇಕು, ಆ ಹೊತ್ತಿನಲ್ಲಿ ಚರ್ಚಿಸಿ ತೀರ್ಮಾನಿಸುವ ವಿಷಯ ಅದಲ್ಲ. ಆ ಮಿತಿ ಎಷ್ಟು, ಮತ್ತು ಕೆಲಸ ನಿಲ್ಲಿಸಿ ಎನ್ನುವ ಅಧಿಕಾರ ಹೊಸ ಮೆಕ್ಯಾನಿಕ್‌ಗೂ ಇದೆಯೇ ಎಂಬ ಎರಡನ್ನೂ ಸೇರುವ ಮೊದಲೇ ಕೇಳು. ಉತ್ತರಿಸಲು ತಡವರಿಸಿದರೆ ಆ ಹಡಗು ಹತ್ತಬೇಡ.

ಬಳ್ಳಾರಿಯ ಓದುಗ

ಮೀನುಗಾರರ ವಿಷಯವನ್ನು ಯಾರೂ ಹೇಳಲಿಲ್ಲ. ಆಂಧ್ರದ ಕರಾವಳಿಯಲ್ಲಿ ಅವರ ಬಲೆಗಳು ಈ ಕೇಬಲ್‌ಗಳಿಗೆ ಸಿಕ್ಕಿಕೊಂಡರೆ ನಷ್ಟ ಯಾರದು?

ರಾಯಚೂರಿನ ನಿವೃತ್ತ ಗನ್ ಮೆಕ್ಯಾನಿಕ್

ನಷ್ಟ ಇಬ್ಬರದೂ, ಆದರೆ ಮೀನುಗಾರನಿಗೆ ಆ ಬಲೆಯೇ ಜೀವನ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಘರ್ಷಣೆ ಕಡಿಮೆ. ಉಳಿದ ತಿಂಗಳುಗಳಲ್ಲಿ ಮುಂಚಿತವಾಗಿಯೇ ಬಂದರುಗಳಿಗೆ ಹೋಗಿ ಸಾಲುಗಳ ನಕ್ಷೆ ತೋರಿಸಬೇಕು. ಕಾಕಿನಾಡದ ಆಚೆ ನಮ್ಮ ಕಾವಲು ದೋಣಿಯವರ ಇಂಗ್ಲಿಷ್ ಯಾರಿಗೂ ತಿಳಿಯದೆ ಹೋದಾಗ, ರಾಯಚೂರಿನಲ್ಲಿ ಕಲಿತ ತೆಲುಗಿನಲ್ಲಿ ನಾನೇ ರೇಡಿಯೊ ಹಿಡಿದು, ಅಣ್ಣಾ, ಹಿಂದೆ ಎಂಟು ಕಿಲೋಮೀಟರ್ ಕೇಬಲ್ ಇದೆ, ಬಲೆ ಎತ್ತಿಕೊಳ್ಳಲು ಎಷ್ಟು ಹೊತ್ತು ಬೇಕು ಎಂದು ಕೇಳಿದ್ದೆ. ಒಂದು ಗಂಟೆ ಎಂದರು. ನಮ್ಮ ಪಾರ್ಟಿ ಚೀಫ್, ಅಂದರೆ ಸರ್ವೇ ತಂಡದ ಮುಖ್ಯಸ್ಥರು, ಸಾಲಿನ ಕ್ರಮವನ್ನು ಬದಲಿಸಿ ಆ ಗಂಟೆಯನ್ನು ಅವರಿಗೆ ಬಿಟ್ಟುಕೊಟ್ಟರು.