ರಾಂಬುಟಾನ್ ಎಲೆಯ ಅಂಚು ಸುಟ್ಟ ಹಾಗೆ ಒಣಗ್ತಾ ಇದೆ: ಬೆಂಗಳೂರಿನ ಚಳಿಯಾ, ಬೇರೆ ಏನಾದ್ರೂನಾ?

ಘಟ್ಟ ಹತ್ತಿದವ | ಫೆಬ್ರವರಿ 4, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ನನ್ನ ಊರು ಬೆಳ್ತಂಗಡಿ ಕಡೆ, ಈಗ ಇರುವುದು ಕನಕಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಎರಡು ವರ್ಷದ ಹಿಂದೆ ಊರಿಂದ ಒಂದು ಕಸಿ ರಾಂಬುಟಾನ್ ಗಿಡವನ್ನು ಬಸ್ಸಿನಲ್ಲಿ ಮಗುವಿನ ಹಾಗೆ ಕಾಲ ಸಂದಿಯಲ್ಲಿ ಇಟ್ಟುಕೊಂಡು ತಂದಿದ್ದೆ. ಎನ್-18 ಅಂತ ತಳಿಯ ಹೆಸರಿನ ಚೀಟಿ ಕಟ್ಟಿತ್ತು. ತಾರಸಿಯಲ್ಲಿ ಅರ್ಧ ಕತ್ತರಿಸಿದ ನೀಲಿ ಡ್ರಮ್ಮಿನಲ್ಲಿ ಇದೆ. ಕೆಂಪು ಮಣ್ಣು, ಹಟ್ಟಿ ಗೊಬ್ಬರ, ಸ್ವಲ್ಪ ಕೋಕೋಪೀಟ್. ಎರಡು ಮಳೆಗಾಲ ಚೆನ್ನಾಗಿಯೇ ಬೆಳೆಯಿತು, ನನ್ನ ಎದೆಮಟ್ಟ ಬಂದಿದೆ.

ಡಿಸೆಂಬರ್‌ನಿಂದ ಶುರು ಆಯ್ತು ನೋಡಿ. ಹಳೆಯ ಎಲೆಗಳ ತುದಿ ಕಂದು, ಆಮೇಲೆ ಅಂಚಿಗುಂಟ ಒಳಗೆ ಬರುತ್ತದೆ, ಕಾಗದಕ್ಕೆ ಬೆಂಕಿ ತಾಗಿದ ಹಾಗೆ. ಒಂದು ವಾರದಲ್ಲಿ ಎಲೆ ಉದುರುತ್ತದೆ. ಚಳಿ ಇರಬೇಕು ಅಂತ ರಾತ್ರಿ ಪ್ಲಾಸ್ಟಿಕ್ ಹೊದಿಸಿದೆ. ಊರಿನ ತೇವ ಇಲ್ಲಿ ಇಲ್ಲ ಅಂತ ದಿನಕ್ಕೆ ಎರಡು ಸಲ ಎಲೆ ಮೇಲೆ ನೀರು ಸ್ಪ್ರೇ ಮಾಡುತ್ತಿದ್ದೇನೆ. 19:19:19 ರಸಗೊಬ್ಬರ ಕೊಟ್ಟೆ, ಎಪ್ಸಮ್ ಸಾಲ್ಟ್ ಕೊಟ್ಟೆ, ಬೇವಿನ ಹಿಂಡಿ ಹಾಕಿದೆ. ಕೊಟ್ಟಷ್ಟೂ ಜಾಸ್ತಿ ಆಗುತ್ತಿದೆ ಮಾರಾಯ್ರೆ. ಫೋಟೋ ಹಾಕಿದ್ದೇನೆ.

ಗಲ್ಲಿ ಗಾರ್ಡನರ್ | ಫೆಬ್ರವರಿ 4, ರಾತ್ರಿ 10:12

ಚಳಿನೇ ಗುರು. ಕರಾವಳಿ ಗಿಡ ಬೆಂಗಳೂರಲ್ಲಿ ಬರಲ್ಲ. ಅದನ್ನ ತೆಗೆದು ಸೀಬೆ ಹಾಕಿ, ಆರಾಮಾಗಿರಿ.

ಮಣ್ಣಿನ ವಾಸನೆ | ಫೆಬ್ರವರಿ 5, ಬೆಳಿಗ್ಗೆ 7:30

ನೀರು ಜಾಸ್ತಿ ಆಗಿದೆ ಅನ್ನಿಸುತ್ತೆ. ಬೇರು ಕೊಳೆತಾಗಲೂ ಹೀಗೇ. ಡ್ರಮ್ಮಿನ ತೂತು ಕಟ್ಟಿಕೊಂಡಿದೆಯಾ ನೋಡಿ. ಒಂದು ವಾರ ನೀರು ನಿಲ್ಲಿಸಿ.

ಹಳೇ ಬಕೆಟ್ಟು | ಫೆಬ್ರವರಿ 5, ಬೆಳಿಗ್ಗೆ 9:05

ನೀರು ನಿಲ್ಲಿಸಬೇಡಿ, ಗಿಡ ತೆಗೆಯಲೂಬೇಡಿ. ಸ್ವಲ್ಪ ತಾಳಿ.

ಚಳಿಯ ಮಾತು ಮೊದಲು ಮುಗಿಸಿಬಿಡೋಣ. ಬೆಂಗಳೂರಲ್ಲಿ ಜನವರಿಯ ಸರಾಸರಿ ಕನಿಷ್ಠ ಉಷ್ಣಾಂಶ 15-16 ಡಿಗ್ರಿ. ಊರಿನ ದಾಖಲೆಯ ಚಳಿ ಅಂದರೆ 7.8 ಡಿಗ್ರಿ, ಅದು 1884ರ ಜನವರಿ. ರಾಂಬುಟಾನ್‌ಗೆ ನಿಜವಾಗಿ ಪೆಟ್ಟು ಬೀಳೋದು 10ರ ಕೆಳಗೆ ಇಳಿದಾಗ. 15ರಲ್ಲಿ ಅದು ಸುಮ್ಮನೆ ಮುದುರಿಕೊಂಡು ಕೂರುತ್ತೆ, ಚಿಗುರು ಬಿಡಲ್ಲ, ಅಷ್ಟೆ. ಇನ್ನೊಂದು ವಿಷಯ: ಚಳಿ ಪೆಟ್ಟಾಗಿದ್ದರೆ ಎಳೆ ಚಿಗುರು ಮೊದಲು ಕಪ್ಪಾಗಬೇಕಿತ್ತು. ನಿಮ್ಮ ಫೋಟೋದಲ್ಲಿ ತುದಿಯ ಎಲೆಗಳು ಚೆನ್ನಾಗಿವೆ, ಕೆಳಗಿನ ಹಳೆಯವೇ ಸುಟ್ಟಿವೆ. ಎಷ್ಟು ಹಳೆಯ ಎಲೆಯೋ ಅಷ್ಟು ಜಾಸ್ತಿ ಸುಟ್ಟಿದೆ ಅಂದರೆ ಏನೋ ಒಂದು ಎಲೆಯಲ್ಲಿ ದಿನದಿನವೂ ಜಮೆ ಆಗ್ತಾ ಇದೆ ಅಂತ ಅರ್ಥ.

ಈಗ ನೀವು ಹೇಳಿ. ನೀರು ಎಲ್ಲಿಂದ? ಹಾಕಿದ ನೀರು ತಕ್ಷಣ ಇಳಿಯುತ್ತಾ, ಮೇಲೆ ನಿಲ್ಲುತ್ತಾ? ಅದೇ ತಾರಸಿಯಲ್ಲಿ ಬೇರೆ ಯಾವ ಗಿಡ ಹಾಳಾಗಿದೆ, ಯಾವುದು ಚೆನ್ನಾಗಿದೆ? ಕೊನೆಯದು ಎಲ್ಲಕ್ಕಿಂತ ಮುಖ್ಯ.

ಘಟ್ಟ ಹತ್ತಿದವ | ಫೆಬ್ರವರಿ 5, ರಾತ್ರಿ 8:40

ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ಕೂಡ ಸೇರುತ್ತದೆ. ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ನನ್ನ ಹತ್ತಿರ ಉಂಟು. ಹೋದ ವರ್ಷ 610 ಇತ್ತು, ಇವತ್ತು ನೋಡಿದರೆ 640. ಹಾಗಾಗಿ ನೀರಿನಲ್ಲಿ ದೊಡ್ಡ ವ್ಯತ್ಯಾಸ ಏನೂ ಇಲ್ಲ.

ನೀರು ಮೇಲೆ ನಿಲ್ಲುವುದು ಹೌದು. ಮೊದಲು ಸುರಿದ ಕೂಡಲೇ ಇಳಿಯುತ್ತಿತ್ತು, ಈಗ ಐದು ನಿಮಿಷ ಕೆಸರಿನ ಹಾಗೆ ನಿಂತಿರುತ್ತದೆ. ತೂತಿಗೆ ಕಡ್ಡಿ ಹಾಕಿ ನೋಡಿದೆ, ಕಟ್ಟಿಲ್ಲ. ಮಣ್ಣು ಒಣಗಿದರೆ ಮೇಲೆ ಸಿಮೆಂಟಿನ ಹಾಗೆ ಪದರ.

ಬೇರೆ ಗಿಡ: ಬೆಣ್ಣೆಹಣ್ಣಿನ ಸಸಿ ಒಂದು ಉಂಟು, ಅದು ರಾಂಬುಟಾನ್‌ಗಿಂತ ಹಾಳು, ಬಹುಶಃ ಹೋಯಿತು. ಮಲ್ಲಿಗೆ ಸೊರಗಿದೆ. ಕ್ರೋಟನ್‌ಗೆ ಏನೂ ಆಗಿಲ್ಲ. ಅಮ್ಮನ ತುಳಸಿ, ಅದರ ಪಕ್ಕದ ಕರಿಬೇವು ಎರಡೂ ನಳನಳಿಸುತ್ತಿವೆ. ಅಮ್ಮ ಪೂಜೆಯ ತಂಬಿಗೆ ನೀರು ಹಾಕುತ್ತಾರೆ, ಅದರ ಪುಣ್ಯವೋ ಏನೋ!

ಹಳೇ ಬಕೆಟ್ಟು | ಫೆಬ್ರವರಿ 5, ರಾತ್ರಿ 9:02

ತಂಬಿಗೆ ನೀರು ಯಾವ ನಲ್ಲಿಯದು?

ಘಟ್ಟ ಹತ್ತಿದವ | ಫೆಬ್ರವರಿ 5, ರಾತ್ರಿ 9:10

ಅಡುಗೆಮನೆಯದು. ಅಲ್ಲಿಗೆ ಮಾತ್ರ ಕಾವೇರಿ ಲೈನು.

ಅಳಿವೆ ಬಾಗಿಲು | ಫೆಬ್ರವರಿ 6, ಮಧ್ಯಾಹ್ನ 1:15

ನಾನು ಉಳ್ಳಾಲದ ಕಡೆಯವಳು, ಸಮುದ್ರಕ್ಕೆ ಒಂದು ಕಿಲೋಮೀಟರ್ ಕೂಡ ಇಲ್ಲ. ಫೋಟೋ ನೋಡಿ ಬೆಚ್ಚಿಬಿದ್ದೆ, ಯಾಕೆಂದರೆ ನಮ್ಮ ಮನೆಯ ರಾಂಬುಟಾನ್ ಪ್ರತಿ ಏಪ್ರಿಲ್‌ನಲ್ಲಿ ತದ್ವತ್ ಹೀಗೆಯೇ ಕಾಣುತ್ತದೆ. ಬೇಸಿಗೆಯಲ್ಲಿ ಹೊಳೆ ಸಣ್ಣದಾದಾಗ ಉಪ್ಪುನೀರು ಮೇಲೆ ಹತ್ತುತ್ತದೆ, ಬಾವಿ ನೀರಿಗೆ ಉಪ್ಪಿನ ರುಚಿ ಬರುತ್ತದೆ. ತೆಂಗಿಗೆ ಏನೂ ಆಗುವುದಿಲ್ಲ, ಅದು ಉಪ್ಪನ್ನು ಕೇಳಿ ಕುಡಿಯುವ ಜಾತಿ. ರಾಂಬುಟಾನ್ ಮತ್ತು ಮ್ಯಾಂಗೋಸ್ಟೀನ್ ಮಾತ್ರ ಅಂಚು ಸುಟ್ಟುಕೊಂಡು ನಿಲ್ಲುತ್ತವೆ. ಜೂನ್ ಮಳೆ ನಾಲ್ಕು ದಿನ ಬಡಿದರೆ ಮತ್ತೆ ಚಿಗುರು. ಕರಾವಳಿ ಗಿಡ ಅಂದರೆ ಕಡಲ ಗಿಡ ಅಂತ ಘಟ್ಟದ ಮೇಲಿನವರು ತಿಳಿದುಕೊಂಡಿದ್ದಾರೆ. ಇವು ಮಳೆಯ ಗಿಡಗಳು, ಉಪ್ಪು ಮುಟ್ಟಿದರೆ ಆಗುವುದಿಲ್ಲ.

ಇದು ಉಪ್ಪೇ. ಬೆಂಗಳೂರಿನ ತಾರಸಿಗೆ ಉಪ್ಪು ಎಲ್ಲಿಂದ ಬಂತು ಅಂತ ನೀವೇ ಹುಡುಕಬೇಕು.

ಘಟ್ಟ ಹತ್ತಿದವ | ಫೆಬ್ರವರಿ 6, ಸಂಜೆ 6:30

ಉಪ್ಪು ಹೇಗೆ ಅಕ್ಕ? ನಮ್ಮ ನೀರು ಈಗ ಮೊದಲಿಗಿಂತ ಒಳ್ಳೆಯದಾಗಿದೆ. ದೀಪಾವಳಿ ಸಮಯಕ್ಕೆ ಅಸೋಸಿಯೇಷನ್‌ನವರು ಇಡೀ ಕಟ್ಟಡಕ್ಕೆ ಸಾಫ್ಟ್ನರ್ ಹಾಕಿಸಿದರು. ನಲ್ಲಿಯ ಬಿಳಿ ಕಲೆ ಹೋಯಿತು, ಸೋಪು ಒಳ್ಳೆ ನೊರೆ ಬರುತ್ತದೆ, ಗೀಸರ್ ರಿಪೇರಿ ಇಲ್ಲ. ನೋಟಿಸ್ ಬೋರ್ಡಿನಲ್ಲಿ ಗಡಸುತನ 420 ಇದ್ದದ್ದು 40ಕ್ಕೆ ಇಳಿದಿದೆ ಅಂತ ಹಾಕಿದ್ದಾರೆ.

ಹಳೇ ಬಕೆಟ್ಟು | ಫೆಬ್ರವರಿ 6, ಸಂಜೆ 6:41

ಸಿಕ್ಕಿಬಿತ್ತು ಕಳ್ಳ.

ಸಾಫ್ಟ್ನರ್ ನೀರಿನಿಂದ ಏನನ್ನೂ ತೆಗೆಯಲ್ಲ, ಅದಲುಬದಲು ಮಾಡುತ್ತೆ ಅಷ್ಟೆ. ಒಳಗಿರುವ ರಾಳದ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುತ್ತವೆ. ಮೂಟೆಗಟ್ಟಲೆ ಉಪ್ಪು ತರಿಸಿ ಅದಕ್ಕೆ ತುಂಬೋದು ಯಾಕೆ ಅಂತ ನಿಮ್ಮ ಸೆಕ್ಯೂರಿಟಿಯವರನ್ನ ಕೇಳಿ. ಅದಕ್ಕೇ ನಿಮ್ಮ ಟಿಡಿಎಸ್ ಇಳಿಯಲಿಲ್ಲ, ಸ್ವಲ್ಪ ಏರಿತು. ಆ ಮೀಟರ್ ಒಟ್ಟು ಎಷ್ಟು ಕರಗಿದೆ ಅಂತ ಹೇಳುತ್ತೆ, ಏನು ಕರಗಿದೆ ಅಂತ ಹೇಳಲ್ಲ. ಕ್ಯಾಲ್ಸಿಯಂ ಇದ್ದಾಗಲೂ 610, ಸೋಡಿಯಂ ಬಂದಾಗಲೂ ಆಸುಪಾಸು ಅದೇ.

ಲೆಕ್ಕ ಸುಲಭ. ಲೀಟರಿಗೆ 1 ಮಿಲಿಗ್ರಾಂ ಗಡಸುತನ ತೆಗೆದರೆ 0.46 ಮಿಲಿಗ್ರಾಂ ಸೋಡಿಯಂ ಸೇರುತ್ತೆ. ನಿಮ್ಮದು 380 ಇಳಿದಿದೆ, ಅಂದರೆ ಲೀಟರಿಗೆ ಸುಮಾರು 175 ಮಿಲಿಗ್ರಾಂ ಸೋಡಿಯಂ, ಮೊದಲೇ ನೀರಲ್ಲಿ ಇದ್ದದ್ದು ಬೇರೆ. ಸೂಕ್ಷ್ಮ ಗಿಡಗಳ ಎಲೆ ಮೇಲೆ ಚಿಮುಕಿಸುವ ನೀರಿನಲ್ಲಿ 70 ದಾಟಿದರೇ ಎಚ್ಚರ ಬೇಕು. ನೀವು ದಿನಕ್ಕೆ ಎರಡು ಸಲ ಸ್ಪ್ರೇ ಮಾಡಿದ್ದೀರಿ! ನೀರು ಆರಿದ ಮೇಲೆ ಎಲೆ ಮೇಲೆ ಉಳಿಯೋದು ಉಪ್ಪು ಮಾತ್ರ.

ನೀರು ನಿಲ್ಲೋದಕ್ಕೂ ಇದೇ ಕಾರಣ. ಜೇಡಿಯ ಕಣಗಳು ಹರಳು ಹರಳಾಗಿ ಅಂಟಿಕೊಂಡಿರೋದು ಕ್ಯಾಲ್ಸಿಯಂನಿಂದ. ಆ ಜಾಗಕ್ಕೆ ಸೋಡಿಯಂ ಬಂದರೆ ಕಣಗಳು ಬಿಡಿಬಿಡಿಯಾಗಿ ಚದುರಿ ಸಣ್ಣ ಸಣ್ಣ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಒದ್ದೆಯಲ್ಲಿ ಕೆಸರು, ಒಣಗಿದರೆ ಸಿಮೆಂಟು. ‘ಮಣ್ಣಿನ ವಾಸನೆ’ಯವರು ನೀರು ಜಾಸ್ತಿ ಅಂದದ್ದು ಪೂರ್ತಿ ತಪ್ಪಲ್ಲ, ಬೇರಿಗೆ ಗಾಳಿ ಹೋಗ್ತಿಲ್ಲ. ಆದರೆ ನೀರು ನಿಲ್ಲಿಸಿದರೆ ಇರುವ ಉಪ್ಪು ಇನ್ನೂ ಗಟ್ಟಿಯಾಗುತ್ತೆ.

ಗಲ್ಲಿ ಗಾರ್ಡನರ್ | ಫೆಬ್ರವರಿ 6, ರಾತ್ರಿ 8:00

ನಮ್ಮ ಮನೇಲಿ ಮೂರು ವರ್ಷದಿಂದ ಸಾಫ್ಟ್ನರ್ ನೀರೇ. ಮನಿ ಪ್ಲಾಂಟು, ದಾಸವಾಳ ಎಲ್ಲಾ ಸೂಪರ್ ಆಗಿದೆ. ಸುಮ್ಮನೆ ಹೆದರಿಸಬೇಡಿ ಸಾರ್. ಬೇಕಿದ್ರೆ ಕುಡಿಯೋ ನೀರಿನ ಆರ್‌ಒ ಫಿಲ್ಟರ್‌ನಿಂದ ಆಚೆ ಬರೋ ವೇಸ್ಟ್ ನೀರು ಹಾಕಿ, ಫ್ರೀ.

ಹಳೇ ಬಕೆಟ್ಟು | ಫೆಬ್ರವರಿ 6, ರಾತ್ರಿ 8:20

ನಿಮ್ಮ ಮೂಲ ನೀರಿನ ಗಡಸುತನ 100 ಇದ್ದರೆ ಸೇರುವ ಸೋಡಿಯಂ ಕೂಡ ಕಾಲು ಭಾಗವೇ. ಅದೂ ಅಲ್ಲದೆ ಗಿಡದಿಂದ ಗಿಡಕ್ಕೆ ವ್ಯತ್ಯಾಸ ಇರುತ್ತೆ. ಇವರ ಕ್ರೋಟನ್‌ಗೂ ಏನೂ ಆಗಿಲ್ಲವಲ್ಲ. ಬೆಣ್ಣೆಹಣ್ಣು ಮಾತ್ರ ಉಪ್ಪಿನ ವಿಷಯದಲ್ಲಿ ಹಣ್ಣಿನ ಗಿಡಗಳಲ್ಲೇ ಅತಿ ನಾಜೂಕು, ಅದಕ್ಕೇ ಮೊದಲು ಬಿದ್ದದ್ದು ಅದು.

ಆರ್‌ಒ ವೇಸ್ಟ್ ಬೇಡ. ನೂರು ಲೀಟರಲ್ಲಿ ಐವತ್ತು ಕುಡಿಯಲು ತೆಗೆದರೆ ಉಳಿದ ಐವತ್ತರಲ್ಲಿ ಹೆಚ್ಚುಕಡಿಮೆ ಎಲ್ಲಾ ಉಪ್ಪೂ ಇರುತ್ತೆ. ನೆಲ ಒರೆಸಿ, ಟಾಯ್ಲೆಟ್ಟಿಗೆ ಹಾಕಿ.

ಘಟ್ಟ ಹತ್ತಿದವ | ಫೆಬ್ರವರಿ 6, ರಾತ್ರಿ 8:45

ಈಗ ಮಾಡುವುದೇನು ಹೇಳಿ. ಗಿಡ ಉಳಿಯುತ್ತದಾ?

ಹಳೇ ಬಕೆಟ್ಟು | ಫೆಬ್ರವರಿ 7, ಬೆಳಿಗ್ಗೆ 6:50

ಕಸಿ ಜಾಗದ ಮೇಲೆ ತೊಗಟೆ ಉಗುರಲ್ಲಿ ಕೆರೆದು ನೋಡಿ. ಹಸಿರಿದ್ದರೆ ಉಳಿಯುತ್ತೆ.

ಇವತ್ತೇ ಮಾಡಬೇಕಾದ್ದು: ಸ್ಪ್ರೇ ಬಂದ್, 19:19:19 ಬಂದ್, ಎಪ್ಸಮ್ ಬಂದ್. ರಸಗೊಬ್ಬರವೂ ಉಪ್ಪೇ, ಉಪ್ಪು ಕುಡಿದು ಬಾಯಾರಿದವರಿಗೆ ಉಪ್ಪಿನಕಾಯಿ ಕೊಟ್ಟ ಹಾಗೆ. ಪ್ಲಾಸ್ಟಿಕ್ ತೆಗೆಯಿರಿ. ಅರ್ಧ ಸುಟ್ಟ ಎಲೆ ಕೀಳಬೇಡಿ, ಉಳಿದ ಅರ್ಧ ಹಸಿರು ಅಡುಗೆ ಮಾಡ್ತಾ ಇದೆ.

ಆಮೇಲೆ ಕೃಷಿ ಜಿಪ್ಸಂ ತನ್ನಿ. ಗೊಬ್ಬರದ ಅಂಗಡಿಯಲ್ಲಿ ಕೇಳಿ, ಹಾರ್ಡ್‌ವೇರ್ ಅಂಗಡಿಯ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಲ್ಲ, ಅದು ಡ್ರಮ್ಮಿನಲ್ಲೇ ಗಟ್ಟಿಯಾಗಿ ಕೂರುತ್ತೆ. ಮೇಲ್ಪದರವನ್ನ ಎರಡು ಇಂಚು ಮೆಲ್ಲಗೆ ಕೆದಕಿ (ರಾಂಬುಟಾನ್ ಬೇರು ಮೇಲೆ ಮೇಲೆಯೇ ಇರುತ್ತೆ, ಕುರ್ಪಿ ಆಳಕ್ಕೆ ಹಾಕಬೇಡಿ), ಎರಡು ಹಿಡಿ ಜಿಪ್ಸಂ ಉದುರಿಸಿ ಬೆರೆಸಿ. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂ ಅನ್ನು ದಬ್ಬಿ ನೀರಿಗೆ ಇಳಿಸುತ್ತೆ. ಆ ನೀರು ಡ್ರಮ್ಮಿನಿಂದ ಆಚೆ ಹೋಗಲೇಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಅದಕ್ಕೆ ಬೇಕಾಗೋದು ಒಳ್ಳೆಯ ನೀರು, ಡ್ರಮ್ಮಿನ ಮಣ್ಣು ಎಷ್ಟು ಲೀಟರೋ ಅದರ ಎರಡು ಪಟ್ಟಾದರೂ. ಒಮ್ಮೆಗೇ ಸುರಿಯಬೇಡಿ, ಅರ್ಧ ಬಕೆಟ್ ಹಾಕಿ, ಇಳಿಯಲು ಬಿಟ್ಟು, ಮತ್ತೆ ಅರ್ಧ.

ಈ ಊರಲ್ಲಿ ಗಿಡಕ್ಕೆ ನೂರೈವತ್ತು ಲೀಟರ್ ಅಂದರೆ ಮನೆಯವರು ಹೊಡೆಯುತ್ತಾರೆ, ಗೊತ್ತು. 2024ರ ಬೇಸಿಗೆಯ ನೀರಿನ ಬರ ನೋಡಿದ ಮೇಲೆ ಕಾವೇರಿ ನೀರನ್ನ ಹಾಗೆ ಸುರಿಯಿರಿ ಅಂತ ನಾನೂ ಹೇಳಲ್ಲ. ಸಾಫ್ಟ್ನರ್‌ಗೆ ಹೋಗುವ *ಮೊದಲು* ಒಂದು ನಲ್ಲಿ ಇರಬೇಕು, ಬೋರ್‌ವೆಲ್ ಟ್ಯಾಂಕಿನ ಹತ್ತಿರ ಹುಡುಕಿ. ಆ ಗಡಸು ನೀರಲ್ಲಿ ತೊಳೆಯಿರಿ. ಗಡಸು ನೀರಿನ ಕ್ಯಾಲ್ಸಿಯಂ ಈಗ ನಿಮ್ಮ ನೆಂಟ. ವರ್ಷಗಟ್ಟಲೆ ಅದನ್ನೇ ಹಾಕಿದರೆ ಕ್ಷಾರ ಏರಿ ಹೊಸ ಎಲೆ ಹಳದಿಯಾಗುತ್ತೆ, ನರ ಮಾತ್ರ ಹಸಿರು ಉಳಿಯುತ್ತೆ. ಅದು ಕಬ್ಬಿಣದ ಕೊರತೆ, ಬೇರೆಯದೇ ಕಥೆ, ಬಂದಾಗ ನೋಡೋಣ. ಅಕ್ಕಿ, ತರಕಾರಿ ತೊಳೆದ ಕಾವೇರಿ ನೀರನ್ನ ದಿನಾ ಈ ಗಿಡಕ್ಕೇ ಕೊಡಿ.

ಗಿಡವನ್ನ ಮಧ್ಯಾಹ್ನದ ಬಿಸಿಲು, ಪಶ್ಚಿಮದ ಗಾಳಿಯಿಂದ ಸರಿಸಿ. ಮಾರ್ಚಿನ ನಮ್ಮ ಒಣಗಾಳಿ ಎಲೆಯಿಂದ ನೀರು ಹೀರಿದಷ್ಟೂ ಬೇರು ಉಪ್ಪುನೀರನ್ನೇ ಎಳೆಯುತ್ತೆ.

ಅಳಿವೆ ಬಾಗಿಲು | ಫೆಬ್ರವರಿ 7, ಬೆಳಿಗ್ಗೆ 10:30

ಯಾವ ನಲ್ಲಿಗೆ ಯಾವ ನೀರು ಅಂತ ಗೊತ್ತಾಗದಿದ್ದರೆ ಎರಡು ಬಾಟಲಿಯಲ್ಲಿ ಹಿಡಿದು ಒಂದೊಂದು ಚೂರು ಸಾಬೂನು ಹಾಕಿ ಕುಲುಕಿ. ನೊರೆ ಉಕ್ಕಿದ್ದು ಸಾಫ್ಟ್ನರ್‌ನದು, ಒಡೆದ ಹಾಲಿನ ಹಾಗೆ ಆದದ್ದು ಬೋರ್‌ವೆಲ್. ಬಟ್ಟೆ ತೊಳೆಯುವ ಪೌಡರ್ ಬೇಡ, ಅದು ಎರಡರಲ್ಲೂ ನೊರೆ ಕೊಡುತ್ತದೆ. ಅಂದಹಾಗೆ ರಾಂಬುಟಾನ್ ಕೂಡ ಅಂಟುವಾಳದ ಕುಟುಂಬದ್ದೇ!

ಘಟ್ಟ ಹತ್ತಿದವ | ಫೆಬ್ರವರಿ 22, ರಾತ್ರಿ 9:15

ಸುದ್ದಿ ಕೊಡಲು ತಡವಾಯಿತು. ತೊಗಟೆ ಹಸಿರು ಉಂಟು. ಸಾಬೂನಿನ ಪರೀಕ್ಷೆ ಮಾಡಿದೆ, ಎರಡು ನೀರಿಗೂ ಅಜಗಜಾಂತರ. ಪಂಪ್ ರೂಮಿನ ಹಿಂದೆ ಹಳೆಯ ನಲ್ಲಿ ಒಂದು ಸಿಕ್ಕಿತು, ಪ್ಲಂಬರ್ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಎರಡು ಭಾನುವಾರ ಲಿಫ್ಟಿನಲ್ಲಿ ಕ್ಯಾನ್ ಹೊತ್ತು ಜಿಪ್ಸಂ ಹಾಕಿ ತೊಳೆದೆ. ಮೊದಲ ಸಲ ಕೆಳಗೆ ಬಂದ ನೀರಿನ ಟಿಡಿಎಸ್ 2,900 ತೋರಿಸಿತು, ಮೀಟರ್ ಕೆಟ್ಟಿದೆ ಅಂತಲೇ ಭಾವಿಸಿದೆ. ಮೊನ್ನೆ 1,100. ಸುರಿದ ನೀರು ಈಗ ಒಂದು ನಿಮಿಷದಲ್ಲಿ ಇಳಿಯುತ್ತದೆ. ಬೆಣ್ಣೆಹಣ್ಣು ಮಾತ್ರ ಹೋಯಿತು, ಕಿತ್ತು ನೋಡಿದರೆ ಬೇರೆಲ್ಲ ಕಪ್ಪು.

ಅಸೋಸಿಯೇಷನ್ ಮೀಟಿಂಗಿನಲ್ಲಿ ಹೇಳಿದೆ, ಕೆಳಗಿನ ಹುಲ್ಲುಹಾಸು ಹಳದಿ ಆಗುವುದೂ ಇದರಿಂದಲೇ ಇರಬಹುದು ಅಂತ. ‘ನಿಮ್ಮ ಒಂದು ಗಿಡಕ್ಕೋಸ್ಕರ ನಮ್ಮ ಗೀಸರ್ ಹಾಳುಮಾಡಬೇಕಾ’ ಅಂದರು. ಗಾರ್ಡನ್ ಪೈಪನ್ನು ಮಾತ್ರ ಬೇರೆ ಮಾಡಿ ಅಂದದ್ದು ಯಾರ ಕಿವಿಗೂ ಬೀಳಲಿಲ್ಲ.

ಹಳೇ ಬಕೆಟ್ಟು | ಫೆಬ್ರವರಿ 22, ರಾತ್ರಿ 9:40

2,900! ಅದು ಉಪ್ಪು ಹೊರಟ ಲೆಕ್ಕ, ಒಳ್ಳೆಯದೇ. ಜಿಪ್ಸಂ ಕೂಡ ಸ್ವಲ್ಪ ಕರಗಿ ಬಂದಿರುತ್ತೆ. ಇನ್ನು ಅವಸರ ಬೇಡ. ಏಪ್ರಿಲ್-ಮೇನಲ್ಲಿ ಮಾವಿನ ಮಳೆ ಬರುತ್ತಲ್ಲ, ತಾರಸಿಯ ಮೊದಲ ಹತ್ತು ನಿಮಿಷದ ಕೊಳೆನೀರು ಬಿಟ್ಟು ಆಮೇಲಿನದ್ದು ಹಿಡಿಯಿರಿ. ಹತ್ತು ಚದರ ಮೀಟರ್ ಜಾಗದ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ನೂರು ಲೀಟರ್. ಅದಕ್ಕಿಂತ ಒಳ್ಳೆಯ ನೀರು ಇಲ್ಲ.

ಘಟ್ಟ ಹತ್ತಿದವ | ಮೇ 18, ಬೆಳಿಗ್ಗೆ 7:05

ಮೂರು ಮಳೆ ಸಿಕ್ಕಿತು. ಹಳೆಯ ಎಲೆ ಅರ್ಧಕ್ಕರ್ಧ ಉದುರಿ ಗಿಡ ಬೋಳಾಗಿತ್ತು, ಹೋದ ವಾರ ನಾಲ್ಕು ಕಡೆ ಚಿಗುರು ಒಡೆದಿದೆ. ಅಂಚು ಶುದ್ಧ ಉಂಟು. ಫೋಟೋ ಕೆಳಗೆ. ಹಿಂದೆ ಕಾಣುವ ಎರಡು ನೀಲಿ ಡ್ರಮ್ಮು ಮಳೆನೀರಿನದು, ಒಂದರ ಮೇಲೆ ಅಮ್ಮ ಆಗಲೇ ‘ತುಳಸಿಗೆ’ ಅಂತ ಚಾಕ್‌ಪೀಸಿನಲ್ಲಿ ಬರೆದಿದ್ದಾರೆ.

ಗಲ್ಲಿ ಗಾರ್ಡನರ್ | ಮೇ 18, ಬೆಳಿಗ್ಗೆ 8:30

ಸಾರ್, ನಮ್ಮ ಬಿಲ್ಡಿಂಗ್ ನೀರಿನ ಗಡಸುತನ ಕೇಳಿದೆ, 380 ಅಂತೆ. ದಾಸವಾಳದ ಹಳೇ ಎಲೆ ಅಂಚು ಸ್ವಲ್ಪ ಕಂದು ಕಾಣ್ತಿದೆ. ಆ ಜಿಪ್ಸಂ ಎಷ್ಟು ಹಿಡಿ ಅಂದ್ರಿ?