ತ್ಬಿಲಿಸಿಯಲ್ಲಿ ಒಂದು ದಿನ ಖಾಲಿ: ಬುಕಿಂಗ್ ಇಲ್ಲದೆ ವೈನರಿ ನೋಡಬಹುದೇ?

ಕೇಳಿದವರು, ಪುಣೆಯ ಕೋಥ್ರೂಡ್‌ನಿಂದ: ಅಕ್ಟೋಬರ್ ಮೊದಲ ವಾರ ನಾಲ್ಕು ಜನ ಜಾರ್ಜಿಯಾಕ್ಕೆ ಹೊರಟಿದ್ದೇವೆ. ತ್ಬಿಲಿಸಿಯಲ್ಲಿ ಒಂದು ದಿನ ಖಾಲಿ ಇದೆ. ಬೆಳಗ್ಗೆ ಎದ್ದು, ಮನಸ್ಸಾದರೆ ವೈನ್ ಸೀಮೆ ಕಾಖೆತಿ ಕಡೆ ಹೋಗಿ ನಾಲ್ಕಾರು ವೈನರಿ ನೋಡಿ ರಾತ್ರಿ ವಾಪಸಾಗಲು ಸಾಧ್ಯವೇ? ಮೂವರು ಕುಡಿಯುತ್ತೇವೆ. ಅತ್ತಿಗೆ ಕುಡಿಯುವುದಿಲ್ಲ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಮಗೆ ಗೊತ್ತಿರುವುದು ನಾಸಿಕದ ಸುಲಾ ಒಂದೇ. ತಿಳಿದವರು ಹೇಳಿ.

ಠಾಣೆಯಿಂದ: ಆಗುತ್ತೆ. ನಾಲ್ಕಾರು ಬೇಡ, ಮೂರು ಸಾಕು. ವೈನರಿ ಬುಕ್ ಮಾಡದಿದ್ದರೂ ನಡೆಯುತ್ತೆ, ಗಾಡಿ ಮಾತ್ರ ಹಿಂದಿನ ರಾತ್ರಿಯೇ ಗೊತ್ತು ಮಾಡಿಕೊಳ್ಳಿ. ತ್ಬಿಲಿಸಿ ಒಳಗೆ ಬೋಲ್ಟ್ ಆ್ಯಪ್‌ನಲ್ಲಿ ಟ್ಯಾಕ್ಸಿ ಕರೆದರೆ ಬರುತ್ತೆ. ಕಾಖೆತಿಯ ಸಿಘ್ನಾಘಿಯಿಂದಲೋ ಕ್ವಾರೆಲಿಯಿಂದಲೋ ಸಂಜೆ ಹೊತ್ತಲ್ಲಿ ವಾಪಸ್ ಬರಲು ಅದನ್ನು ನಂಬಬೇಡಿ. ಗೋಟ್ರಿಪ್ ಅನ್ನುವ ಗಾಡಿ ಬುಕಿಂಗ್ ಸೈಟ್‌ನಲ್ಲಿ ನಿಲ್ಲುವ ಊರುಗಳನ್ನೆಲ್ಲ ಹಾಕಿದರೆ ಡ್ರೈವರ್ ಸಮೇತ ಇಡೀ ಗಾಡಿಯ ದರ ಮೊದಲೇ ತೋರಿಸುತ್ತೆ, ನಾಲ್ವರಿಗೆ ಅದೇ ಸರಿ.

ನೀವೇ ಓಡಿಸುವ ಯೋಚನೆ ಇದ್ದರೆ ಬಿಡಿ. ಲೆಕ್ಕ ಹಾಕಿ: ರುಚಿ ನೋಡುವ ಒಂದು ಸುತ್ತಿನಲ್ಲಿ 50 ಮಿಲಿಯಂತೆ ಐದು ವೈನ್ ಅಂದರೆ 250 ಮಿಲಿ. ಮೂರು ಕಡೆ ಸೇರಿದರೆ 750, ಅಂದರೆ ತಲೆಗೊಂದು ಪೂರ್ತಿ ಬಾಟಲಿ. ವೈನರಿ ಮನೆಯವರು ಸುರಿಯುವಾಗ 50ಕ್ಕೆ ನಿಲ್ಲಿಸುವುದೂ ಇಲ್ಲ.

ದಾರಿ ಹೀಗೆ: ಎಂಟೂವರೆಗೆ ಬಿಟ್ಟರೆ ಸುಮಾರು 110 ಕಿ.ಮೀ. ದೂರದ ಸಿಘ್ನಾಘಿಗೆ ಹತ್ತೂವರೆ. ಅಲ್ಲಿ ಒಂದು ಸಣ್ಣ ವೈನ್ ನೆಲಮಾಳಿಗೆ, ಬೇಗ ಊಟ. ಆಮೇಲೆ ಕ್ವಾರೆಲಿಯ ಖಾರೆಬಾ ವೈನರಿ. ಗುಡ್ಡ ಕೊರೆದ ಸುರಂಗಗಳ ಒಟ್ಟು ಉದ್ದ 7.7 ಕಿ.ಮೀ., ಒಳಗೆ ವರ್ಷವಿಡೀ 12ರಿಂದ 14 ಡಿಗ್ರಿ. ಹೊರಗೆ ಬಿಸಿಲಿದೆ ಅಂತ ಶಾಲು ಬಿಟ್ಟು ಹೋದರೆ ಅರ್ಧ ಗಂಟೆಯಲ್ಲಿ ನಡುಗುತ್ತೀರಿ. ನಾಲ್ಕರ ಹೊತ್ತಿಗೆ ತೆಲಾವಿ ಹತ್ತಿರದ ತ್ಸಿನಂದಾಲಿಯ ಹಳೆಯ ವೈನ್ ಎಸ್ಟೇಟ್. ಅತ್ತಿಗೆಯವರಿಗೆ ಅಲ್ಲಿನ ಹಳೆಯ ತೋಟವೇ ಸಾಕು.

ಖಾರೆಬಾದಂಥ ದೊಡ್ಡ ಕಡೆ ನೇರ ಹೋಗಬಹುದು. ಮನೆಯವರೇ ನಡೆಸುವ ಮರಾನಿಗೆ, ಅಂದರೆ ವೈನ್ ಇಡುವ ಕೋಣೆಗೆ, ಬೆಳಗ್ಗೆಯೇ ಡ್ರೈವರ್ ಕೈಲಿ ಫೋನ್ ಮಾಡಿಸಿ. ಅಕ್ಟೋಬರ್ ಮೊದಲಲ್ಲಿ ರ್ತ್ವೆಲಿ, ದ್ರಾಕ್ಷಿ ಕೊಯ್ಲು, ಇನ್ನೂ ಮುಗಿದಿರುವುದಿಲ್ಲ. ಎಲ್ಲರೂ ತೋಟದಲ್ಲಿದ್ದರೆ ಬಾಗಿಲು ತೆಗೆಯುವವರೇ ಸಿಗುವುದಿಲ್ಲ. ಅದೃಷ್ಟ ಇದ್ದರೆ ದ್ರಾಕ್ಷಿ ತುಳಿಯುವುದನ್ನೂ ನೋಡಬಹುದು.

ಮಡಗಾಂವ್‌ನಿಂದ: ಮೇಲಿನವರು ಹೇಳಿದ್ದಕ್ಕೆ ವಾಪಸ್ ದಾರಿಯ ಬಗ್ಗೆ ಒಂದು ಸೇರ್ಪಡೆ. ತೆಲಾವಿಯಿಂದ ಗೊಂಬೋರಿ ಘಾಟಿ ಇಳಿದು ಬರುವುದು ಹತ್ತಿರದ ದಾರಿ ಅಂತ ಡ್ರೈವರ್ ಹೇಳುತ್ತಾನೆ, ನಿಜವೇ. ಹೊಟ್ಟೆಯಲ್ಲಿ ವೈನ್ ಇಟ್ಟುಕೊಂಡು ಆ ತಿರುವುಗಳಲ್ಲಿ ಬಂದರೆ ವಾಂತಿ ಗ್ಯಾರಂಟಿ. ಗುರ್ಜಾನಿ ಕಡೆಯಿಂದ ಸುತ್ತಿ ಬನ್ನಿ.

ಈಗ ಕುಡಿಯುವ ವಿಷಯ. ಸುಲಾದ ಸ್ಟೀಲ್ ಟ್ಯಾಂಕ್ ಮನಸ್ಸಲ್ಲಿಟ್ಟುಕೊಂಡು ಹೋಗಬೇಡಿ. ಅಲ್ಲಿನ ವಿಶೇಷ ಕ್ವೆವ್ರಿ. ಮೊಟ್ಟೆಯಾಕಾರದ ಮಣ್ಣಿನ ಗುಡಾಣ, ಒಳಗೆ ಜೇನುಮೇಣ ಬಳಿದು ಕತ್ತಿನವರೆಗೆ ನೆಲದಲ್ಲಿ ಹೂತಿರುತ್ತಾರೆ. ಬಿಳಿ ದ್ರಾಕ್ಷಿಯ ರಸವನ್ನು ಸಿಪ್ಪೆ, ಬೀಜ, ಕೆಲವೊಮ್ಮೆ ತೊಟ್ಟಿನ ಸಮೇತ ಐದಾರು ತಿಂಗಳು ಅದರಲ್ಲೇ ಬಿಡುತ್ತಾರೆ. ಹಾಗಾಗಿ ಬಣ್ಣ ಕಡು ಜೇನಿನಂತಾಗುತ್ತದೆ, ಬಾಯಲ್ಲಿ ಅಡಿಕೆ ಜಗಿದಂಥ ಒಗರು. 2013ರಲ್ಲಿ ಈ ಪದ್ಧತಿ ಯುನೆಸ್ಕೋ ಪಟ್ಟಿ ಸೇರಿದೆ. ಮೊದಲ ಗುಟುಕಿಗೇ ಕೆಟ್ಟ ವೈನ್ ಅಂದುಕೊಂಡು ಲೋಟ ಪಕ್ಕಕ್ಕಿಡಬೇಡಿ. ತೀರಾ ತಣ್ಣಗಿದ್ದರೆ ಒಗರು ಇನ್ನೂ ಎದ್ದು ಕಾಣುತ್ತೆ, ಸ್ವಲ್ಪ ಬೆಚ್ಚಗಾಗಲು ಬಿಟ್ಟು ಚೀಸ್ ಜೊತೆ ನೋಡಿ.

ನಮ್ಮವರು ಹೋದ ಕೂಡಲೇ ಸಿಹಿ ವೈನ್ ಕೇಳುತ್ತಾರೆ. ಅದು ಮುಗಿದ ಮೇಲೆ ಕುಡಿದದ್ದೆಲ್ಲ ಬರೀ ಹುಳಿ. ಡ್ರೈ ಬಿಳಿ, ಅಂಬರ್ (ಮೇಲೆ ಹೇಳಿದ ಕ್ವೆವ್ರಿಯ ಜೇನುಬಣ್ಣದ್ದು), ಆಮೇಲೆ ಕೆಂಪು ಸಪೆರಾವಿ, ಕೊನೆಗೆ ಅರೆಸಿಹಿಯ ಕಿಂದ್ಜ್‌ಮರಾಉಲಿ, ಇದು ಸರಿಯಾದ ಸಾಲು. ಸಪೆರಾವಿ ದ್ರಾಕ್ಷಿಯ ತಿರುಳೂ ಕೆಂಪೇ, ಬಿಳಿ ಅಂಗಿ ಹಾಕಬೇಡಿ. ರುಚಿ ನೋಡಿ ಉಗುಳಲು ಪಾತ್ರೆ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಚಾಚಾ ಎಲ್ಲಕ್ಕೂ ಆಮೇಲೆ. ವೈನ್ ತೆಗೆದ ಮೇಲೆ ಉಳಿದ ದ್ರಾಕ್ಷಿ ಚರಟದಿಂದ ಬಟ್ಟಿ ಇಳಿಸಿದ್ದು, ನಮ್ಮ ಫೆನಿಯ ದಾಯಾದಿ. ಮನೆಯಲ್ಲಿ ಇಳಿಸಿದ್ದು 50 ಪರ್ಸೆಂಟ್ ದಾಟಿರುವುದುಂಟು.

ಪುಣೆಯ ಹಿಂಜವಡಿಯಿಂದ: ಅತ್ತಿಗೆಯವ್ರ ಊಟದ ಚಿಂತಿ ಬ್ಯಾಡ್ರಿ. ಲೋಬಿಯೋ ಅಂದ್ರ ಮಣ್ಣಿನ ಗಡಿಗ್ಯಾಗ ಬೇಯಿಸಿದ ಕಾಳು. ಬದನೀಕಾಯಿಗೆ ಅಕ್ರೋಟ್ ಅರದು ಸುತ್ತಿದ್ದು ಬದ್ರಿಜಾನಿ. ಸೊಪ್ಪಿಗೆ ಅಕ್ರೋಟ್ ಹಾಕಿ ಉಂಡಿ ಮಾಡಿದ್ದು ಪ್ಖಾಲಿ. ಮೂರೂ ನಡೀತಾವ. ಲೋಬಿಯಾನಿ ಒಳಗ ಕಾಳು ತುಂಬಿದ ರೊಟ್ಟಿ, ಆದ್ರ ಹೆಸರಿನ ಜೋಡಿ ರಾಚುಲಿ ಅಂತ ಇತ್ತಂದ್ರ ಹಂದಿಮಾಂಸ ಇರ್ತದ. ಖಾಚಾಪುರಿ ಅಂದ್ರ ಚೀಸ್ ರೊಟ್ಟಿ, ಅದರಾಗ ಅಜಾರುಲಿ ಖಾಚಾಪುರಿ ಮ್ಯಾಲೆ ಹಸಿ ಮೊಟ್ಟಿ ಒಡದು ಹಾಕ್ತಾರ. ಬ್ಯಾರೆ ಖಾಚಾಪುರಿ ಹಿಟ್ಟಿನ್ಯಾಗೂ ಮೊಟ್ಟಿ ಇರಬಹುದು, ಅದಕ್ಕ "ಕ್ವೆರ್ತ್ಸ್‌ಖಿಸ್ ಗರೇಶೆ" ಅಂತ ಕೇಳ್ರಿ, ಮೊಟ್ಟಿ ಇಲ್ದ ಅಂತ ಅರ್ಥ. ಮಾಂಸಕ್ಕ "ಖೋರ್ತ್ಸಿಸ್ ಗರೇಶೆ". ಪುರಿ ಅಂದ್ರ ಅಲ್ಲಿ ರೊಟ್ಟಿ, ಉಬ್ಬಿದ ಪೂರಿ ಅಂತ ಕಾಯಬ್ಯಾಡ್ರಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಮನೆವೈನನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಅಗ್ಗಕ್ಕೆ ಕೊಡುತ್ತಾರಂತೆ. ತರಬಹುದಾ?

ಡೊಂಬಿವಲಿಯಿಂದ: ಅಲ್ಲೇ ಕುಡಿದು ಮುಗಿಸಿ. ಸೋಸದ ವೈನ್‌ನಲ್ಲಿ ಯೀಸ್ಟ್ ಜೀವಂತ ಇರುತ್ತದೆ. ಸ್ವಲ್ಪ ಸಕ್ಕರೆ ಉಳಿದಿದ್ದರೆ ಬ್ಯಾಗಿನ ಬಿಸಿಗೆ ಮತ್ತೆ ಹುದುಗಿ ಮುಚ್ಚಳ ಹಾರಿಸುತ್ತದೆ. ಹಾರದಿದ್ದರೂ ಗಾಳಿಯಾಡಿ ವಿನೆಗರ್ ಆಗುತ್ತದೆ. ಚಾಚಾ ಅಂತೂ ಬೇಡವೇ ಬೇಡ. 24 ಪರ್ಸೆಂಟ್ ಮೀರಿದ ಮದ್ಯವನ್ನು ವಿಮಾನದಲ್ಲಿ ಅಂಗಡಿಯ ಸೀಲ್ ಬಾಟಲಿಯಲ್ಲೇ ಒಯ್ಯಬೇಕು, 70 ದಾಟಿದ್ದನ್ನು ಒಯ್ಯುವಂತೆಯೇ ಇಲ್ಲ.

ಮುಂಬೈ ಕಸ್ಟಮ್ಸ್‌ನಲ್ಲಿ ಸುಂಕವಿಲ್ಲದೆ ತಲೆಗೆ ಎರಡು ಲೀಟರ್. 750 ಮಿಲಿಯ ಎರಡು ಬಾಟಲಿ ಅಂದರೆ ಒಂದೂವರೆ, ಮೂರನೆಯದು ಇಟ್ಟರೆ ಕಾಲು ಲೀಟರ್ ಹೆಚ್ಚಾಯಿತು. ಡ್ಯೂಟಿ ಫ್ರೀಯಲ್ಲಿ ಕೊಂಡದ್ದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಬಾಟಲಿಯೊಂದಕ್ಕೆ ಸುಮಾರು ಒಂದೂಕಾಲು ಕಿಲೋ ಹಿಡಿದು ಚೆಕ್-ಇನ್ ತೂಕ ನೋಡಿಕೊಳ್ಳಿ. ಪ್ರತಿಯೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಜೀನ್ಸ್ ಕಾಲಿನೊಳಗೆ ತೂರಿಸಿ, ಸೂಟ್‌ಕೇಸಿನ ನಡುವೆ ಇಡಿ. ಅಂಚಿಗೆ ಇಟ್ಟದ್ದೇ ಒಡೆಯುವುದು.